ಹಳೆ ಡೀಸೆಲ್ ಲಾರಿಯ ಹೆಡ್: ಫೇಸಿಂಗ್ ಸಾಕಾ, ಬೇರೆಯದೇ ಬೇಕಾ?

ಪುಣೆಯ ಭೋಸರಿ, ನಿಗಡಿಯ ಟ್ರಾನ್ಸ್‌ಪೋರ್ಟ್ ನಗರ, ಆಚೆ ನವಿ ಮುಂಬೈನ ಕಳಂಬೋಲಿ. ಈ ಕಡೆ ಗ್ಯಾರೇಜ್‌ಗಳಲ್ಲಿ ನಿಂತರೆ ಮರಾಠಿ, ಹಿಂದಿಯ ಜೊತೆ ಕನ್ನಡವೂ ಕಿವಿಗೆ ಬೀಳುತ್ತದೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಡ್ರೈವರ್‌ಗಳು, ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕರು. ಗಾಡಿ ನೀರು ಕುಡಿಯೋಕೆ ಶುರು ಮಾಡಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಮಿಸ್ತ್ರಿ, ಗ್ಯಾಸ್ಕೆಟ್ ಒಂದ ಹಾಕಿ ಕೊಡ್ರಿ, ರಾತ್ರಿ ಲೋಡ್ ಐತಿ."

ಬ್ಲಾಕ್ ಅಂದರೆ ಸಿಲಿಂಡರ್‌ಗಳಿರುವ ಎಂಜಿನ್‌ನ ಮೈ, ಹೆಡ್ ಅದರ ಮೇಲಿನ ಮುಚ್ಚಳ, ಗ್ಯಾಸ್ಕೆಟ್ ಎರಡರ ನಡುವೆ ಲೀಕ್ ತಡೆಯುವ ಹಾಳೆ. ಹೆಡ್‌ನ ಮುಖವನ್ನು ಮಷೀನ್‌ನಲ್ಲಿ ತುಸು ತೆಗೆದು ನೇರ ಮಾಡುವುದು ಫೇಸಿಂಗ್. ಗ್ಯಾಸ್ಕೆಟ್ ಸುಮ್ನೆ ಹೋಗುವುದಿಲ್ಲ. ಎಂಜಿನ್ ಹೀಟ್ ಆಗಿ ಹೆಡ್ ಬಾಗಿರುತ್ತದೆ, ಇಲ್ಲಾ ಎಲ್ಲೋ ಸೀಳಿರುತ್ತದೆ, ಇಲ್ಲಾ ಲೈನರ್ (ಸಿಲಿಂಡರ್‌ಗೆ ಕೂರಿಸಿದ ಕೊಳವೆ) ಕೆಳಗೆ ಕೂತಿರುತ್ತದೆ. ಅದನ್ನು ನೋಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಯಾವ ಹೆಡ್, ಯಾವ ಗ್ಯಾಸ್ಕೆಟ್ ಅನ್ನುವುದನ್ನು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರ್ ಮುಂದೆ ನಿಂತು ತೀರ್ಮಾನ ಮಾಡಬೇಡಿ. ಹೆಡ್ ಇಳಿಸಿ, ಒರೆಸಿ, ಅಳತೆ ಹಿಡಿದ ಮೇಲೆ ಮಾಡಿ. ಅಳತೆಯೇ ಅರ್ಧ ತೀರ್ಮಾನ ಹೇಳಿಬಿಡುತ್ತದೆ.

ಇಲ್ಲಿ ಬರೆದಿರುವುದು ಬೀಡಿನ (ಎರಕದ ಕಬ್ಬಿಣದ) ಹೆಡ್ ಇರುವ ಹಳೆ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಟಾಟಾ 697, ಕಮ್ಮಿನ್ಸ್ 6ಬಿಟಿ ಥರದವು. ಕಾಮನ್ ರೈಲ್ (ಎಲೆಕ್ಟ್ರಾನಿಕ್ ಇಂಜೆಕ್ಷನ್) ಬಂದ ಮೇಲಿನ ಎಂಜಿನ್‌ಗಳ ಲೆಕ್ಕ ಬೇರೆ.

ಪಾನಾ ಹಿಡಿಯುವ ಮುಂಚೆ

ರೇಡಿಯೇಟರ್‌ನಲ್ಲಿ ಗುಳ್ಳೆ ಕಂಡ ತಕ್ಷಣ ಹೆಡ್ ಬಿಚ್ಚುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. ಏರ್ ಬ್ರೇಕ್ ಇರುವ ಗಾಡಿಯಲ್ಲಿ ಏರ್ ಕಂಪ್ರೆಸರ್‌ಗೂ ಎಂಜಿನ್ ನೀರೇ ಹೋಗುತ್ತದೆ, ಅಲ್ವಾ? ಆ ಕಂಪ್ರೆಸರ್‌ನ ಪುಟ್ಟ ಹೆಡ್ ಸೀಳಿದ್ದರೆ, ಅದರ ಗ್ಯಾಸ್ಕೆಟ್ ಹೋಗಿದ್ದರೆ, ಗಾಳಿ ನೇರ ನೀರಿಗೆ ಸೇರುತ್ತದೆ. ರೇಡಿಯೇಟರ್ ಬಾಯಲ್ಲಿ ಕಾಣುವುದು ಅದೇ ಗುಳ್ಳೆ. ಕಂಪ್ರೆಸರ್‌ನ ನೀರಿನ ಪೈಪ್ ಎರಡನ್ನೂ ಕಳಚಿ, ಎಂಜಿನ್ ಕಡೆಯ ತೂತು ಮುಚ್ಚಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಓಡಿಸಿ ನೋಡಿ. ಗುಳ್ಳೆ ನಿಂತರೆ ದೊಡ್ಡ ಹೆಡ್ ಮುಟ್ಟುವ ಕೆಲಸವೇ ಇಲ್ಲ.

ನೀರು ಮತ್ತು ಆಯಿಲ್ ಮಿಕ್ಸ್ ಆಗಿದ್ದರೆ ಎಲ್ಲಿ ಏನು ಸೇರಿದೆ ಅಂತ ನೋಡಬೇಕು. ರೇಡಿಯೇಟರ್‌ನಲ್ಲಿ ಆಯಿಲ್ ತೇಲುತ್ತಿದ್ದು, ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲಿನ ಆಯಿಲ್ ಚೆನ್ನಾಗಿದ್ದರೆ ಮೊದಲ ಅನುಮಾನ ಆಯಿಲ್ ಕೂಲರ್ ಮೇಲೆ ಇರಲಿ. ಎಂಜಿನ್ ಓಡುವಾಗ ಆಯಿಲ್ ಪ್ರೆಶರ್ ನೀರಿನ ಪ್ರೆಶರ್‌ಗಿಂತ ಜಾಸ್ತಿ, ಅದಕ್ಕೇ ಕೂಲರ್ ತೂತಾದರೆ ಆಯಿಲ್ ನೀರಿನ ಕಡೆ ನುಗ್ಗುತ್ತದೆ. ಡಿಪ್ ಸ್ಟಿಕ್ ಮೇಲೆ ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ಹೆಡ್ ಗ್ಯಾಸ್ಕೆಟ್, ಹೆಡ್‌ನ ಸೀಳು, ಇಲ್ಲಾ ವೆಟ್ ಲೈನರ್ ಎಂಜಿನ್ (ಲೈನರ್ ಹೊರಮೈಗೆ ನೇರ ನೀರು ತಾಗುವಂಥದ್ದು) ಆದರೆ ಲೈನರ್ ಕೆಳಗಿನ ರಬ್ಬರ್ ಓ-ರಿಂಗ್. ಕೊನೆಯದಾದರೆ ಹೆಡ್ ಎಷ್ಟು ಚೆನ್ನಾಗಿ ಮಾಡಿಸಿದರೂ ನೀರು ಕೆಳಗಿನ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯುತ್ತಲೇ ಇರುತ್ತದೆ. ಸಂಪ್ ಕಳಚಿ, ರೇಡಿಯೇಟರ್‌ಗೆ ಕೈಪಂಪ್‌ನಿಂದ ಸ್ವಲ್ಪ ಪ್ರೆಶರ್ ಕೊಟ್ಟು, ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಯಾವ ಲೈನರ್ ಬುಡದಿಂದ ಹನಿ ಬೀಳುತ್ತಿದೆ ಅಂತ ಕಾಣುತ್ತದೆ.

ಹೆಡ್ ಕಡೆಯದೇ ತೊಂದರೆ ಅಂತ ಹೇಳುವ ಗುರುತು: ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿ ಸ್ಟಾರ್ಟ್ ಮಾಡಿ, ನೀರು ಬೆಚ್ಚಗಾಗುವ ಮುಂಚೆಯೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರ್‌ನ ಗ್ಯಾಸ್ ನೀರಿಗೆ ಹೋಗುತ್ತಿದೆ.

ಅರಿಶಿನ ಪುಡಿ ಹಾಕಿ ಲೀಕ್ ನಿಲ್ಲಿಸುವ ಪದ್ಧತಿ ನಮ್ಮ ಡ್ರೈವರ್‌ಗಳಲ್ಲಿ ಇನ್ನೂ ಇದೆ. ರೇಡಿಯೇಟರ್‌ನ ಸಣ್ಣ ತೂತಿಗೆ ಊರು ಮುಟ್ಟುವ ತನಕ ಆದೀತು. ಸಿಲಿಂಡರ್ ಪ್ರೆಶರ್ ಮುಂದೆ ಅರಿಶಿನ ಏನು ಮಾಡುತ್ತದೆ? ರೇಡಿಯೇಟರ್ ಟ್ಯೂಬ್ ಕಟ್ಟಿ ಎಂಜಿನ್ ಇನ್ನಷ್ಟು ಹೀಟ್ ಆಗುತ್ತದೆ, ಅಷ್ಟೇ.

ಹೆಡ್ ಕೆಳಗಿಳಿದ ಮೇಲೆ

ಹೆಡ್ಡನ್ನು ಎರಡು ಮರದ ತುಂಡಿನ ಮೇಲೆ ಮಗುಚಿ ಇಡಿಸಿ. ಹಳೆ ಗ್ಯಾಸ್ಕೆಟ್‌ನ ಅಂಟು ತೆಗೆಯುವಾಗ ಒದ್ದೆ ಮಾಡಿ ತೆಗೆಯಲಿ. ಹಳೆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒಣಗಿದ್ದನ್ನು ವೈರ್ ಬ್ರಶ್‌ನಿಂದ ಉಜ್ಜಿ ಏರ್ ಹೊಡೆದರೆ ಆ ಪುಡಿ ಪಕ್ಕದ ಕ್ಲೀನರ್ ಹುಡುಗನ ಎದೆಗೆ ಹೋಗುತ್ತದೆ.

ಆಮೇಲೆ ಸ್ಟ್ರೇಟ್ ಎಡ್ಜ್. ಗ್ಯಾರೇಜ್‌ನಲ್ಲಿ ಬಿದ್ದಿರುವ ಕಬ್ಬಿಣದ ಪಟ್ಟಿ ಅಲ್ಲ, ಅದಕ್ಕೇ ಮಾಡಿದ ನೇರ ಪಟ್ಟಿ. ಉದ್ದಕ್ಕೆ ಎರಡು ಅಂಚಿನಲ್ಲೂ ಇಡಬೇಕು, ಅಡ್ಡಕ್ಕೆ ಪ್ರತಿ ಎರಡು ಸಿಲಿಂಡರ್ ನಡುವೆ ಇಡಬೇಕು, ಮೂಲೆಯಿಂದ ಮೂಲೆಗೆ ಎರಡೂ ಕಡೆ ಇಡಬೇಕು. ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಎಲ್ಲಿ ನುಸುಳುತ್ತದೆ ಅಂತ ಗೊತ್ತಾಗುತ್ತದೆ. ಅಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿ. 0.05 ಮಿ.ಮೀ. ಎಲೆ ಬಿಗಿಯಾಗಿ ಹೋದರೆ ಚಿಂತೆ ಇಲ್ಲ. 0.10 ಸಲೀಸಾಗಿ ಹೋದರೆ ಸುಮಾರು ಎಂಜಿನ್‌ಗಳಲ್ಲಿ ಅದು ಫೇಸಿಂಗ್ ಕೇಳುತ್ತಿದೆ ಅಂತಲೇ ಅರ್ಥ. ನಿಖರ ಮಿತಿ ನಿಮ್ಮ ಎಂಜಿನ್‌ನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅದೇ ಕೊನೆ ಮಾತು.

ಸೀಳು ಹುಡುಕುವುದು ಇದಕ್ಕಿಂತ ಸೂಕ್ಷ್ಮ. ಬೀಡಿನ ಹೆಡ್ ಸೀಳುವ ಜಾಗ ಹೆಚ್ಚಾಗಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ವಾಲ್ವ್ ಸೀಟ್‌ಗಳ ನಡುವಿನ ಸಣ್ಣ ಸೇತುವೆ, ಇಲ್ಲಾ ಸೀಟ್‌ನಿಂದ ಇಂಜೆಕ್ಟರ್ ತೂತಿನ ತನಕ. ಕರಿ ಹಿಡಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಡೈ ಚೆಕ್ ಮಾಡಿಸಿ. ಕೆಂಪು ಬಣ್ಣ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ, ಮೇಲೆ ಬಿಳಿ ಪುಡಿ ಸ್ಪ್ರೇ ಮಾಡುತ್ತಾರೆ. ಸೀಳಿದ್ದ ಕಡೆ ಬಿಳಿಯ ಮೇಲೆ ಕೂದಲಿನಷ್ಟು ತೆಳು ಕೆಂಪು ಗೆರೆ ನಿಧಾನಕ್ಕೆ ಮೇಲೆ ಬರುತ್ತದೆ. ನಿಮ್ಮ ಕಣ್ಣೆದುರೇ ಮಾಡಿಸಿ.

ಒಳಗಿನ ನೀರಿನ ದಾರಿಯಲ್ಲಿ ಸೀಳಿದ್ದರೆ ಡೈ ಸಾಲದು, ಪ್ರೆಶರ್ ಟೆಸ್ಟ್ ಬೇಕು. ನೀರಿನ ತೂತುಗಳಿಗೆ ಪ್ಲೇಟ್ ಕಟ್ಟಿ, ಒಳಗೆ ಗಾಳಿ ತುಂಬಿ, ಟ್ಯಾಂಕ್‌ನಲ್ಲಿ ಮುಳುಗಿಸುತ್ತಾರೆ. ಬಿಸಿ ನೀರಿನ ಟ್ಯಾಂಕ್ ಇರುವ ಕಡೆ ಹೋಗಿ. ಕೆಲವು ಸೀಳು ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತವೆ, ಬಿಸಿ ಆದಾಗಲೇ ಬಾಯಿ ಬಿಡುತ್ತವೆ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಸುತ್ತ ಮಷೀನ್ ಶಾಪ್‌ಗಳಿಗೆ ಬರ ಇಲ್ಲ. ಆದರೆ ಫೇಸಿಂಗ್ ಮಾಡುವವರೆಲ್ಲ ಪ್ರೆಶರ್ ಟೆಸ್ಟ್ ಮಾಡುವುದಿಲ್ಲ, ಮೊದಲೇ ಕೇಳಿಕೊಂಡು ಹೆಡ್ ಹೊರಿಸಿ.

ಹೆಡ್ ನೋಡಿ ಬ್ಲಾಕ್ ಮರೆಯುವುದು ಮಾಮೂಲಿ. ಬ್ಲಾಕ್‌ನ ಮೇಲ್ಮೈಗೂ ಅದೇ ಪಟ್ಟಿ, ಅದೇ ಫೀಲರ್. ವೆಟ್ ಲೈನರ್ ಎಂಜಿನ್‌ನಲ್ಲಿ ಲೈನರ್ ತುಟಿ ಬ್ಲಾಕ್‌ಗಿಂತ ಕೂದಲೆಳೆಯಷ್ಟು ಮೇಲೆ ನಿಂತಿರಬೇಕು. ಸಿಲಿಂಡರ್ ಸುತ್ತ ಇರುವ ಗ್ಯಾಸ್ಕೆಟ್‌ನ ಬೆಂಕಿ ರಿಂಗನ್ನು ಒತ್ತಿ ಹಿಡಿಯುವುದೇ ಅದು. ಡಯಲ್ ಗೇಜ್ ಇಟ್ಟು ಒಂದೊಂದು ಲೈನರ್‌ನ ನಾಲ್ಕೂ ಕಡೆ ಓದಿಸಿ. ಒಂದು ಲೈನರ್ ಕೆಳಗೆ ಕೂತಿದ್ದರೆ, ಇಲ್ಲಾ ಅಕ್ಕಪಕ್ಕದವುಗಳ ನಡುವೆ ವ್ಯತ್ಯಾಸ ಜಾಸ್ತಿ ಇದ್ದರೆ, ಅತಿ ದುಬಾರಿ ಗ್ಯಾಸ್ಕೆಟ್ ಕೂಡ ಅಲ್ಲಿ ನಿಲ್ಲುವುದಿಲ್ಲ. ಲೈನರ್ ಎತ್ತಿ, ತುಟಿಯ ಕೆಳಗೆ ಶಿಮ್ (ತೆಳು ಲೋಹದ ಬಳೆ) ಹಾಕಿ ಸರಿ ಮಾಡಬೇಕು. 6ಬಿಟಿಯಲ್ಲಿ ಈ ತಲೆನೋವಿಲ್ಲ. ಅದಕ್ಕೆ ಕಂಪನಿಯಿಂದ ಲೈನರ್ ಇಲ್ಲ, ಬೋರ್ ಬ್ಲಾಕ್‌ನಲ್ಲೇ ಇರುತ್ತದೆ.

ಈಗ ಆಯ್ಕೆಗಳು

ಬರೀ ಗ್ಯಾಸ್ಕೆಟ್ ಬದಲಿಸುವುದು ಯಾವಾಗ ಸರಿ? ಹೆಡ್ ಮತ್ತು ಬ್ಲಾಕ್ ಎರಡೂ ಮಿತಿಯೊಳಗೆ ನೇರ ಇದ್ದು, ಸೀಳು ಇಲ್ಲದೆ, ಹೀಟ್ ಆಗಿದ್ದಕ್ಕೆ ಕಾರಣ ಕೈಗೆ ಸಿಕ್ಕಿದ್ದರೆ. ಫ್ಯಾನ್ ಬೆಲ್ಟ್ ಕಡಿದಿತ್ತು, ವಾಟರ್ ಪಂಪ್ ಹೋಗಿತ್ತು, ಥರ್ಮೋಸ್ಟಾಟ್ ತೆರೆದಿರಲಿಲ್ಲ, ಇಂಥದ್ದು. ಕಾರಣ ಸಿಗದೆ ಗ್ಯಾಸ್ಕೆಟ್ ಮಾತ್ರ ಬದಲಿಸುವುದಾದರೆ ಆ ದುಡ್ಡು ಉಳಿಸಿಕೊಳ್ಳಿ.

ಫೇಸಿಂಗ್ ನನ್ನ ಪ್ರಕಾರ ಹಳೆ ಬೀಡಿನ ಹೆಡ್‌ಗೆ ಹೆಚ್ಚಿನ ಸಲ ಸರಿಯಾದ ದಾರಿ. ವರ್ಷಾನುಗಟ್ಟಲೆ ಕಾದು ತಣ್ಣಗಾಗಿ ಹದಕ್ಕೆ ಬಂದ ಬೀಡು ಅದು. ಸೀಳು ಇಲ್ಲದಿದ್ದರೆ ಅದನ್ನು ಎಸೆದು ಹೊಸ ಲೋಕಲ್ ಹೆಡ್ ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆದರೆ ಮೇಲಿನ ಪದರ ತೆಗೆದಾಗ ಏನೇನು ಬದಲಾಗುತ್ತದೆ ಅಂತ ಗೊತ್ತಿರಬೇಕು.

"ಫೇಸಿಂಗ್ ಮಾಡಿದರೆ ಕಂಪ್ರೆಶನ್ ಏರುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ಪೆಟ್ರೋಲ್ ಎಂಜಿನ್‌ಗೆ ಅದು ನಿಜ. ಈ ಡೈರೆಕ್ಟ್ ಇಂಜೆಕ್ಷನ್ ಡೀಸೆಲ್‌ಗಳಲ್ಲಿ ಡೀಸೆಲ್ ಉರಿಯುವ ಬಟ್ಟಲು ಇರುವುದು ಪಿಸ್ಟನ್ ತಲೆಯಲ್ಲಿ. ಹೆಡ್ ಚಪ್ಪಟೆ. ಅದನ್ನು ತುಸು ತೆಗೆದರೆ ಕಂಪ್ರೆಶನ್‌ಗೆ ಹೆಚ್ಚೇನೂ ಆಗುವುದಿಲ್ಲ. ಏನಾಗುತ್ತದೆ ಅಂದರೆ, ಒಳಗೆ ಕೂತಿರಬೇಕಾದ ವಾಲ್ವ್ ಮುಂದೆ ಬರುತ್ತದೆ, ಇಂಜೆಕ್ಟರ್ ಮೂತಿಯೂ ಮುಂದೆ ಬರುತ್ತದೆ. ವಾಲ್ವ್ ಪಿಸ್ಟನ್‌ಗೆ ತಾಗಿದರೆ ಮುಂದಿನ ಖರ್ಚು ಹೆಡ್‌ನದ್ದಲ್ಲ, ಎಂಜಿನ್‌ದು. ಅದಕ್ಕೆ ಫೇಸಿಂಗ್ ಆದ ಮೇಲೆ ವಾಲ್ವ್ ಸೀಟ್ ಕಟ್ ಮಾಡಿ ಮತ್ತೆ ಆಳ ಅಳೆಯಬೇಕು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ದಪ್ಪ ನೋಡಬೇಕು. ಇಂಜೆಕ್ಟರ್ ಮೂತಿ ತಪ್ಪು ಎತ್ತರದಲ್ಲಿ ನಿಂತರೆ ಡೀಸೆಲ್ ಬಟ್ಟಲಿನೊಳಗೆ ಬೀಳುವುದಿಲ್ಲ, ಕಪ್ಪು ಹೊಗೆ ಶುರು.

ಬ್ಲಾಕ್ ಫೇಸಿಂಗ್ ಮಾಡಿದರೆ ಮಾತ್ರ ಕಥೆ ಬೇರೆ. ಪಿಸ್ಟನ್ ಮೇಲೆ ಏಳುವ ಎತ್ತರ ಜಾಸ್ತಿ ಆಗುತ್ತದೆ, ಅದಕ್ಕೆ ದಪ್ಪ ಗ್ಯಾಸ್ಕೆಟ್ ಬೇಕು. ಕೆಲವು ಎಂಜಿನ್‌ಗಳಿಗೆ ಒಂದಕ್ಕಿಂತ ಹೆಚ್ಚು ದಪ್ಪದಲ್ಲಿ ಗ್ಯಾಸ್ಕೆಟ್ ಬರುತ್ತದೆ, ಅಂಚಿನಲ್ಲಿ ಕಚ್ಚು ಇಲ್ಲಾ ತೂತಿನ ಗುರುತು ಇರುತ್ತದೆ. ಹಳೆಯದನ್ನು ಎಸೆಯುವ ಮುಂಚೆ ಆ ಗುರುತು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಮತ್ತೊಂದು. ಹಳೆ ಲಾರಿಯ ಹೆಡ್ ಹಿಂದೆಯೂ ಫೇಸಿಂಗ್ ಕಂಡಿರುತ್ತದೆ. ಗಾಡಿ ಎರಡು ಮೂರು ಕೈ ಬದಲಾಗಿದ್ದರೆ ಎಷ್ಟು ತೆಗೆದಿದ್ದಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ವರ್ನಿಯರ್ ಹಿಡಿದು ಒಟ್ಟು ದಪ್ಪ ಅಳೆದು, ಮ್ಯಾನ್ಯುಯಲ್‌ನ ಕನಿಷ್ಠ ದಪ್ಪಕ್ಕೆ ಹೋಲಿಸಿ. ಮಷೀನ್ ಶಾಪ್‌ನವರ ಹತ್ತಿರ ಎಷ್ಟು ತೆಗೆದರು ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. "ಸ್ವಲ್ಪ ತೆಗೆದೀವಿ" ಅನ್ನುವುದು ಲೆಕ್ಕ ಅಲ್ಲ.

ವೆಲ್ಡಿಂಗ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೊರಗಿನ ನೀರಿನ ಗೋಡೆಯಲ್ಲಿ ಸೀಳಿದ್ದರೆ, ಪೂರ್ತಿ ಹೆಡ್ ಕಾಯಿಸಿ ವೆಲ್ಡ್ ಮಾಡಿ ನಿಧಾನಕ್ಕೆ ತಣಿಸುವವರು, ಇಲ್ಲಾ ಪಿನ್ ಹೊಡೆದು ಹೊಲಿಯುವವರು ಕೆಲಸ ಬಲ್ಲವರಾದರೆ ಮಾಡಿಸಬಹುದು. ವಾಲ್ವ್ ಸೀಟ್‌ಗಳ ನಡುವೆ ಸೀಳಿದ್ದರೆ ನಾನು ಬೇಡ ಅನ್ನುತ್ತೇನೆ. ಎಂಜಿನ್‌ನಲ್ಲಿ ಅತಿ ಬಿಸಿ ಜಾಗ ಅದು.

ಸೆಕೆಂಡ್ ಹ್ಯಾಂಡ್ ಹೆಡ್ ಅಂದ ತಕ್ಷಣ ಮುಂಬೈನವರು ಕುರ್ಲಾ ಅನ್ನುತ್ತಾರೆ. ಸಿಗುತ್ತದೆ, ರೇಟೂ ಹೊಂದುತ್ತದೆ. ಆದರೆ ಗುಜರಿಗೆ ಬಂದ ಎಂಜಿನ್ ಯಾಕೆ ಗುಜರಿಗೆ ಬಂತು? ಆಕ್ಸಿಡೆಂಟ್ ಗಾಡಿಯದ್ದಾದರೆ ಒಳ್ಳೆ ಹೆಡ್ ಇರಬಹುದು. ಹೀಟ್ ಆಗಿ ಕೈಬಿಟ್ಟಿದ್ದಾದರೆ ನಿಮ್ಮದಕ್ಕಿಂತ ಕೆಟ್ಟದ್ದು. ಬಣ್ಣ ಹೊಡೆದು ಹೊಳೆಯುವಂತೆ ಇಟ್ಟ ಹೆಡ್ಡನ್ನು ನಾನು ಇನ್ನೂ ಅನುಮಾನದಿಂದ ನೋಡುತ್ತೇನೆ. ಪ್ರೆಶರ್ ಟೆಸ್ಟ್‌ನಲ್ಲಿ ಫೇಲ್ ಆದರೆ ವಾಪಸ್ ಅನ್ನುವ ಮಾತು ಕಾಗದದ ಮೇಲೆ ಬಂದರೆ ಮಾತ್ರ ದುಡ್ಡು ಕೊಡಿ. ಬಾಯಿ ಮಾತಿಗೆ ಹೆಡ್ ಹೊತ್ತು ಪುಣೆಗೆ ತಂದು, ಇಲ್ಲಿ ಸೀಳು ಕಂಡು, ಮತ್ತೆ ವಾಪಸ್ ಕಳಿಸುವಷ್ಟರಲ್ಲಿ ಎರಡು ಟ್ರಿಪ್‌ನ ಬಾಡಿಗೆ ಹೋಗಿರುತ್ತದೆ.

ಹೊಸ ಹೆಡ್. ಸೀಟ್‌ಗಳ ನಡುವೆ ಸೀಳಿದ್ದರೆ, ದಪ್ಪ ಮಿತಿ ಮೀರಿ ಇಳಿದಿದ್ದರೆ, ಇದೇ. ಕಂಪನಿ ಮಾಲಾ, ಬೇರೆಯವರ ಮಾಲಾ ಅನ್ನುವ ಪ್ರಶ್ನೆಗೆ ಮುಂಚೆ ಇನ್ನೊಂದು ಪ್ರಶ್ನೆ ಇದೆ: ಖಾಲಿ ಹೆಡ್ಡಾ, ವಾಲ್ವ್ ಕೂರಿಸಿದ್ದಾ? ಖಾಲಿ ಹೆಡ್ ಅಗ್ಗ ಅಂತ ತಂದು ನಿಮ್ಮ ಹಳೆ ವಾಲ್ವ್, ಹಳೆ ಸ್ಪ್ರಿಂಗ್ ಹಾಕಿಸಿದರೆ ಅರ್ಧ ಕೆಲಸ ಆದಂತೆ. ಗೈಡ್, ವಾಲ್ವ್, ಸೀಟ್ ಕಟಿಂಗ್, ಲ್ಯಾಪಿಂಗ್, ಎಲ್ಲ ಸೇರಿಸಿ ನೋಡಿದಾಗ ಕೂರಿಸಿ ಬಂದ ಹೆಡ್ ಎಷ್ಟೋ ಸಲ ಹೆಚ್ಚೇನೂ ದುಬಾರಿ ಆಗುವುದಿಲ್ಲ. ಹೊಸ ಹೆಡ್ ಮೇಲೂ ಸ್ಟ್ರೇಟ್ ಎಡ್ಜ್ ಇಡಿ. ಪಾರ್ಟ್ ನಂಬರ್ ಹೊಂದಿಸಿ. ಒಂದೇ ಎಂಜಿನ್‌ನ ಟರ್ಬೋ ಮಾದರಿಗೂ ಸಾದಾ ಮಾದರಿಗೂ ಹೆಡ್ ಬೇರೆ ಇರಬಹುದು. ಬಿಲ್ ಇಲ್ಲದೆ ತಂದರೆ ವಾರಂಟಿ ಇಲ್ಲ. ಗಾಡಿ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. "28 ಹಾಕ್ತೀವಿ, ಬಿಲ್ ಬೇಡ ಬಿಡಿ" ಅನ್ನುವ ಹಳೆ ಮಾತು ಈಗ ನಡೆಯುವುದಿಲ್ಲ.

ಇನ್ನು ಕೆಲವರು "ಹೆಡ್ ಯಾಕೆ, ಪೂರ್ತಿ ಎಂಜಿನ್ನೇ ಹಾಕಿಬಿಡೋಣ" ಅನ್ನುತ್ತಾರೆ. ಬೋರ್ ಕೂಡ ಸವೆದು, ಬ್ಲೋ-ಬೈ ಹೊಗೆ (ರಿಂಗ್ ದಾಟಿ ಕೆಳಗಿಳಿದ ಗ್ಯಾಸ್) ಬರುತ್ತಿದ್ದರೆ ಆ ಮಾತಿನಲ್ಲಿ ಹುರುಳಿದೆ. ಹೊಸ ಹೆಡ್ ಬಿಗಿಯಾಗಿ ಕೂತ ಮೇಲೆ ಸವೆದ ರಿಂಗ್‌ಗಳ ಬಣ್ಣ ಬಯಲಾಗುವುದೂ ಉಂಟು. ಆದರೆ ನೆನಪಿಡಿ, ಎಂಜಿನ್ ನಂಬರ್ ಇರುವುದು ಬ್ಲಾಕ್ ಮೇಲೆ. ಹೆಡ್ ಬದಲಿಸಿದರೆ ಆರ್‌ಸಿಗೆ ಏನೂ ಸಂಬಂಧ ಇಲ್ಲ. ಬ್ಲಾಕ್ ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಂಬರ್ ತಿದ್ದಿಸಬೇಕು. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು, ಅಲ್ಲಿ ನಂಬರ್ ಹೊಂದದಿದ್ದರೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಎಲ್ಲಿಂದ ಬಂತು ಅಂತ ಕಾಗದ ಇಲ್ಲದ ಎಂಜಿನ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಗ್ಯಾಸ್ಕೆಟ್ ಯಾವುದು

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಥರ. ತಗಡಿನ ಮೇಲೆ ನಾರಿನಂಥ ಪದರ ಅಂಟಿಸಿ, ಸಿಲಿಂಡರ್ ಸುತ್ತ ಲೋಹದ ರಿಂಗ್ ಕಟ್ಟಿದ ಕಾಂಪೋಸಿಟ್ ಗ್ಯಾಸ್ಕೆಟ್ ಒಂದು. ತೆಳು ಸ್ಟೀಲ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಮಾಡಿದ ಎಂಎಲ್‌ಎಸ್ ಇನ್ನೊಂದು. ಎಂಎಲ್‌ಎಸ್ ಗಟ್ಟಿ ನಿಜ, ಆದರೆ ಅದಕ್ಕೆ ಬಹಳ ನುಣುಪಾದ ಮೇಲ್ಮೈ ಬೇಕು. ಮಷೀನ್ ಶಾಪ್‌ನ ಕಟರ್ ಗೆರೆ ಉಗುರಿಗೆ ತಾಕುವಂತಿದ್ದರೆ ಆ ಗೆರೆಯಲ್ಲೇ ನೀರು ನುಸುಳುತ್ತದೆ. ಕಾಂಪೋಸಿಟ್ ಮೆತ್ತಗೆ, ಸಣ್ಣಪುಟ್ಟ ಒರಟನ್ನು ತುಂಬಿಕೊಳ್ಳುತ್ತದೆ. ಹಳೆ ಬ್ಲಾಕ್, ಸಾದಾ ಫೇಸಿಂಗ್ ಆದರೆ ಎಂಜಿನ್ ಹುಟ್ಟಿದಾಗ ಬಂದ ಥರದ ಕಾಂಪೋಸಿಟ್ಟೇ ಹಾಕಿ. "ಎಂಎಲ್‌ಎಸ್ ಹಾಕಿದರೆ ಜೀವನಪೂರ್ತಿ ಚಿಂತೆ ಇಲ್ಲ" ಅಂತ ಮಾರುವವರ ಮಾತಿಗೆ ಮರುಳಾಗಬೇಡಿ.

ಲೋಕಲ್ ಗ್ಯಾಸ್ಕೆಟ್ ಮತ್ತು ಒಳ್ಳೆ ಬ್ರ್ಯಾಂಡ್‌ನ ಗ್ಯಾಸ್ಕೆಟ್ ನಡುವಿನ ದುಡ್ಡಿನ ಅಂತರ, ಹೆಡ್ ಮತ್ತೆ ಇಳಿಸುವ ಮಜೂರಿಗಿಂತ ಕಡಿಮೆ. ಇದರಲ್ಲಿ ಯೋಚನೆ ಮಾಡುವುದೇ ಬೇಡ. ತೂತುಗಳನ್ನು ಹಳೆ ಗ್ಯಾಸ್ಕೆಟ್ ಮೇಲೆ ಇಟ್ಟು ಹೊಂದಿಸಿ ನೋಡಿ, ಮೇಲೆ ಹೇಳಿದ ದಪ್ಪದ ಗುರುತನ್ನೂ ನೋಡಿ. ಶೆಲಾಕ್, ಗ್ರೀಸ್, ಸಿಲಿಕಾನ್ ಹಚ್ಚುವುದು ಹಳೆ ಮಿಸ್ತ್ರಿಗಳ ಕೈರೂಢಿ. ಗ್ಯಾಸ್ಕೆಟ್ ಕಂಪನಿ ಹಚ್ಚಿ ಅಂತ ಬರೆದಿಲ್ಲದಿದ್ದರೆ ಒಣಗಿದ ಮೇಲ್ಮೈ ಮೇಲೆ ಹಾಗೇ ಕೂರಿಸಿ.

ಬೋಲ್ಟ್

ಟಾರ್ಕ್ (ಅಳೆದ ಬಿಗಿತ) ಕೊಟ್ಟು ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಬೋಲ್ಟ್ ಆದರೆ ಅದು ಬಿಗಿಯುವಾಗ ಉದ್ದಕ್ಕೆ ಎಳೆಯುತ್ತದೆ. ಕೆಲವನ್ನು ಉದ್ದ ಅಳೆದು, ಮಿತಿಯೊಳಗಿದ್ದರೆ ಮತ್ತೆ ಹಾಕಬಹುದು. ಕೆಲವನ್ನು ಒಂದೇ ಸಲ. ಹಳೆ ಸಾದಾ ಬೋಲ್ಟ್ ಆದರೆ ಥ್ರೆಡ್ ಚೆನ್ನಾಗಿದ್ದು, ಕುತ್ತಿಗೆ ಸಣ್ಣ ಆಗಿರದಿದ್ದರೆ ನಡೆಯುತ್ತದೆ. ಅನುಮಾನ ಬಂದರೆ ಪೂರ್ತಿ ಸೆಟ್ ಬದಲಿಸಿ, ಒಂದೆರಡು ಮಾತ್ರ ಅಲ್ಲ.

ಬ್ಲಾಕ್‌ನ ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ನಿಂತಿರಬಾರದು. ಕೆಳಗೆ ಮುಚ್ಚಿದ ತೂತಿನಲ್ಲಿ ದ್ರವ ಇದ್ದು ಮೇಲಿನಿಂದ ಬೋಲ್ಟ್ ಬಿಗಿದರೆ ಅದಕ್ಕೆ ಹೋಗಲು ಜಾಗ ಇಲ್ಲ. ಬ್ಲಾಕೇ ಸೀಳಬಹುದು. ಬಿಗಿಯುವುದು ನಡುವಿನಿಂದ ಶುರುವಾಗಿ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚ್‌ನಲ್ಲೇ. ಉದ್ದ ಪೈಪ್ ಸಿಕ್ಕಿಸಿ "ಕೈ ಅಂದಾಜು" ಅನ್ನುವ ಮಿಸ್ತ್ರಿಯ ಕೈಗೆ ಹೊಸ ಹೆಡ್ ಕೊಡಬೇಡಿ.

ಗಾಡಿ ಎಲ್ಲಿ ಓಡುತ್ತದೆ, ಎಷ್ಟು ದಿನ ಓಡಬೇಕು

ವಾಶಿ ಮಾರ್ಕೆಟ್‌ನಿಂದ ಊರೊಳಗೆ ತಿರುಗುವ ಗಾಡಿಗೂ, ಖೋಪೋಲಿಯಿಂದ ಬೋರ್ ಘಾಟ್ ಏರುವ ಗಾಡಿಗೂ, ಗೋವಾದಿಂದ ಅನ್‌ಮೋಡ್ ಹತ್ತುವ ಗಾಡಿಗೂ ಹೆಡ್ ಮೇಲೆ ಬೀಳುವ ಬಿಸಿ ಒಂದೇ ಅಲ್ಲ. ಘಾಟ್ ಗಾಡಿಗೆ ಅನುಮಾನದ ಸೆಕೆಂಡ್ ಹ್ಯಾಂಡ್ ಹೆಡ್ ಬೇಡವೇ ಬೇಡ. ಅದಕ್ಕೆ ರೇಡಿಯೇಟರ್ ಕ್ಲೀನಿಂಗ್ ಕೂಡ ಇದೇ ಖರ್ಚಿನಲ್ಲಿ ಸೇರಿಸಿ. ಬೋರ್‌ವೆಲ್ ನೀರು ತುಂಬಿ ತುಂಬಿ ಒಳಗೆ ಸುಣ್ಣ ಕಟ್ಟಿರುತ್ತದೆ, ಕೂಲಂಟ್ ಹಾಕಿಸಿ. ಇನ್ನೊಂದೆರಡು ವರ್ಷದಲ್ಲಿ ಮಾರುವ ಊರೊಳಗಿನ ಗಾಡಿಗೆ ಫೇಸಿಂಗ್ ಮತ್ತು ಒಳ್ಳೆ ಗ್ಯಾಸ್ಕೆಟ್ ಸಾಕು.

ಕೂರಿಸಿದ ಮೇಲೆ

ಕಾಂಪೋಸಿಟ್ ಗ್ಯಾಸ್ಕೆಟ್ ಬಿಸಿಯಾಗಿ ಕೂತಾಗ ತುಸು ತೆಳ್ಳಗಾಗುತ್ತದೆ. ಅದಕ್ಕೆ ಎಷ್ಟೋ ಹಳೆ ಎಂಜಿನ್‌ಗಳಿಗೆ ಸ್ವಲ್ಪ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ಕೊಡಬೇಕು. ಬಿಸಿಯಿದ್ದಾಗಲಾ, ತಣ್ಣಗಾದ ಮೇಲಾ ಅನ್ನುವುದು ಎಂಜಿನ್ ಎಂಜಿನ್‌ಗೆ ಬೇರೆ, ಮ್ಯಾನ್ಯುಯಲ್ ನೋಡಿ. ಎಂಎಲ್‌ಎಸ್‌ಗೆ ಸಾಮಾನ್ಯವಾಗಿ ಇದು ಬೇಕಿಲ್ಲ. ಟಾರ್ಕ್ ಮತ್ತೆ ಕೊಟ್ಟರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ರಾಕರ್ ನಡುವಿನ ಸಂದು) ಕೂಡ ಮತ್ತೆ ಹೊಂದಿಸಬೇಕು. 6ಬಿಟಿಗೆ ತಣ್ಣಗಿದ್ದಾಗ ಇನ್‌ಲೆಟ್ 0.25, ಎಕ್ಸಾಸ್ಟ್ 0.51 ಮಿ.ಮೀ.

ಮಾಲೀಕ ಅವಸರ ಮಾಡುತ್ತಾನೆ, ಗೊತ್ತಿದ್ದದ್ದೇ. ಸಂಜೆ ಹೆಡ್ ಕೂತರೆ ರಾತ್ರಿಯೇ ಲೋಡ್ ಹಾಕಿ ಹುಬ್ಬಳ್ಳಿ ಕಡೆ ಬಿಡುತ್ತಾನೆ. ಪುಣೆಯಿಂದ ಸಾತಾರಾ ಕಡೆ ಹೊರಟರೆ ಮೊದಲು ಸಿಗುವುದು ಕಾತ್ರಜ್, ಆಮೇಲೆ ಖಂಬಾಟ್ಕಿಯ ಏರು. ಹೊಸ ಗ್ಯಾಸ್ಕೆಟ್‌ನ ಮೊದಲ ಓಟಕ್ಕೆ ಅದು ಜಾಗ ಅಲ್ಲ. ಖಾಲಿ ಗಾಡಿಯನ್ನು ಊರ ಸುತ್ತ ಒಂದು ಸುತ್ತು ಓಡಿಸಿ, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ, ಡಿಪ್ ಸ್ಟಿಕ್ ಎರಡೂ ನೋಡಿ. ರೀಟಾರ್ಕ್ ಇದ್ದರೆ ಮ್ಯಾನ್ಯುಯಲ್ ಹೇಳಿದಂತೆ ಮಿಸ್ತ್ರಿಯಿಂದ ಮಾಡಿಸಿ, ಆಮೇಲೆ ಲೋಡ್ ಹಾಕಿ.